ಎಣಿಸದೆ ಬರೆದ ಉಸಿರು

ನರ್ಸಿಂಗ್ ಎರಡನೇ ವರ್ಷದ ಎಂಟು ಹುಡುಗಿಯರು ಪ್ರತಿ ಶನಿವಾರ ಗದಗದ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಸೇವೆಗೆಂದು ಹೋಗುತ್ತಿದ್ದರು...

ಬಿಪಿ, ನಾಡಿ, ಜ್ವರ, ಉಸಿರಾಟ. ನಾಲ್ಕನ್ನೂ ನೋಡಿ ಚಾರ್ಟ್‌ನಲ್ಲಿ ಬರೆಯುವುದು ಅವರ ಕೆಲಸ.

ಚಾರ್ಟ್‌ನಲ್ಲಿ ಹೆಚ್ಚುಕಮ್ಮಿ ಕಂಡರೆ ಮಾತ್ರ ಆಶ್ರಮದ ವಾರ್ಡನ್ ಡಾಕ್ಟರನ್ನು ಕರೆಸುತ್ತಿದ್ದರು.

ಉಸಿರು ಎಣಿಸಲು ಒಂದು ನಿಮಿಷ ಪೂರ್ತಿ ಎದೆಯನ್ನೇ ನೋಡುತ್ತಾ ಕೂರಬೇಕು. ಅಷ್ಟು ಪುರುಸೊತ್ತು ಯಾರಿಗಿದೆ ಹೇಳಿ?

ಸೀನಿಯರ್‌ಗಳು ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದರು... ಎಲ್ಲರಿಗೂ ನಾರ್ಮಲ್ ಲೆಕ್ಕವಾದ ‘ಹದಿನೆಂಟು’ ಅಂತ ಬರೆದುಬಿಡುವುದು!

ಹಣ್ಣು ಹಂಚುವ ಫೋಟೋಗೆ ಮಾತ್ರ ಅರ್ಧ ಗಂಟೆ ಸಿಗುತ್ತಿತ್ತು.

ಆ ಶನಿವಾರ ರೂಪಾಲಿ ಎಂಬ ಹುಡುಗಿ ಗುರುಸಿದ್ಧವ್ವ ಎಂಬ ಅಜ್ಜಿಯ ಮಂಚದ ಬಳಿ ಬಂದಳು.

“ಯಾಕೋ ದಮ್ಮು ಹತ್ತಿದಂಗ ಆಗತೈತವಾ... ಡಾಕ್ಟರನ್ನ ಕರಸ್ಬೇಕೇನು?” ಎಂದರು ಅಜ್ಜಿ.

ರೂಪಾಲಿ ಥರ್ಮಾಮೀಟರ್ ನೋಡಿದಳು, ಜ್ವರ ಇರಲಿಲ್ಲ. ಬಿಪಿಯೂ ಸರಿಯಿತ್ತು. ಹೊರಗೆ ಕಾಲೇಜು ಬಸ್ಸು ಹಾರ್ನ್ ಹೊಡೆಯುತ್ತಿತ್ತು...

ಹದಿನೆಂಟು ಅಂತ ಬರೆದಳು.

“ಎಲ್ಲಾ ನಾರ್ಮಲ್ ಐತಿ ಅಜ್ಜಿ, ಆರಾಮ ಮಲ್ಕೋರಿ” ಎಂದು ನಕ್ಕು ಹೊರಟಳು.

ಮುಂದಿನ ಶನಿವಾರ ಆ ಮಂಚ ಖಾಲಿ ಇತ್ತು. ಹಾಸಿಗೆ ಸುತ್ತಿಟ್ಟಿದ್ದರು.

ಪಕ್ಕದ ಮಂಚದ ಫಕೀರವ್ವ ಕಣ್ಣೊರೆಸಿಕೊಂಡು ಹೇಳಿದರು...

“ಸೋಮವಾರ ಹೋಗಿಬಿಟ್ಳವಾ. ನ್ಯುಮೋನಿಯಾ ಅಂತ. ಎರಡು ದಿನ ಉಸಿರಿಗೆ ಒದ್ದಾಡಿದ್ಳು. ವಾರ್ಡನ್ನಿಗೆ ಹೇಳ್ತೀನಿ ಅಂದ್ರ ನನ್ನ ಬಿಡ್ಲಿಲ್ಲ. ‘ಆ ಹುಡುಗಿ ನೋಡಿ ಬರದಾಳ, ಕಲತಾಕಿ, ಸುಳ್ಳು ಬರೀತಾಳೇನು? ನಂದ ಸುಮ್ನ ಹೆದರಿಕಿ’ ಅಂದ್ಳು...”



ವಯಸ್ಸಾದವರಿಗೆ ನ್ಯುಮೋನಿಯಾ ಬಂದಾಗ ಕೆಲವೊಮ್ಮೆ ಜ್ವರವೇ ಬರುವುದಿಲ್ಲ, ಉಸಿರಿನ ವೇಗವಷ್ಟೇ ಹೆಚ್ಚುತ್ತದೆ. ಈ ಪಾಠ ರೂಪಾಲಿಗೆ ಬಾಯಿಪಾಠವಾಗಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕವನ್ನೂ ತೆಗೆದಿದ್ದಳು!

ಫಕೀರವ್ವ ತಮ್ಮ ಕೈ ಮುಂದೆ ಚಾಚಿದರು. “ನಂದೂ ನೋಡವಾ. ನೀ ನೋಡಿದ್ರ ಜೀವಕ್ಕ ಧೈರ್ಯ...”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಾರ್ಟ್ ಸರಿಯಾಗಿಯೇ ಇತ್ತು. ಅದರ ಕೆಳಗೆ ಕಾಲೇಜಿನ ಟೀಚರ್ ಸಹಿಯೂ ಇತ್ತು.

ರೂಪಾಲಿ ಆ ಕೈ ಹಿಡಿದುಕೊಂಡೇ ಅತ್ತಳು. “ಅಜ್ಜಿ... ನಾ ಅವತ್ತ ಉಸಿರು ಎಣಿಸಿರಲಿಲ್ಲ. ಸುಳ್ಳ ಬರದಿದ್ದೆ.”

ಫಕೀರವ್ವ ಬೈಯಲಿಲ್ಲ. ಶಾಪ ಹಾಕಲಿಲ್ಲ. 

ನಿಧಾನವಾಗಿ ತಮ್ಮ ಕೈ ಬಿಡಿಸಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡರು.

“ಬ್ಯಾರೆ ಯಾರನ್ನರ ಕಳಸವಾ” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿದರು.

ಅದೇ ದಿನ ರೂಪಾಲಿ ಟೀಚರ್ ಎದುರು ಎಲ್ಲವನ್ನೂ ಒಪ್ಪಿಕೊಂಡಳು. ಈಗಲೂ ಪ್ರತಿ ಶನಿವಾರ ಹೋಗುತ್ತಾಳೆ, ಒಬ್ಬೊಬ್ಬರ ಬಳಿ ಒಂದು ನಿಮಿಷ ಪೂರ್ತಿ ಕೂರುತ್ತಾಳೆ.

ಫಕೀರವ್ವ ಮಾತ್ರ ಇವತ್ತಿಗೂ ನಾಡಿ ನೋಡಲು ಅವಳ ಕಡೆ ಕೈ ಚಾಚಿಲ್ಲ...

*ನಮ್ಮನ್ನು ನಂಬಿದವರಿಗೆ ನಾವು ಕೊಡದೆ ಉಳಿಸಿಕೊಂಡ ಒಂದು ನಿಮಿಷ, ಅವರ ಪಾಲಿಗೆ ಇಡೀ ಜೀವವೇ ಆಗಿರಬಹುದು.*

ಇವತ್ತು ನೀವು ಸರಿಯಾಗಿ ನೋಡದೆಯೇ “ಎಲ್ಲಾ ಸರಿ ಇದೆ” ಎಂದು ಯಾರಿಗೆ ಹೇಳಿ ಬಂದಿರಿ?