ಕಾರ್ಡು ಹೊತ್ತ ಆನೆ

ರಾತ್ರಿಯಿಡೀ ಬೀಸಿದ ಗಾಳಿ ಬೆಳಗಿನ ಹೊತ್ತಿಗೆ ದಣಿದು ಕೂತಿತ್ತು. ಮೋಡ ಹರಿದು, ತೊಳೆದಿಟ್ಟ ತಟ್ಟೆಯಂಥ ಬಿಸಿಲು ಮೂರನೇ ಮಹಡಿಯ ಆ ಮನೆಯ ನಡುಕೋಣೆಗೆ ಬಂದು ಬಿದ್ದಿತ್ತು. ಆ ಬಿಸಿಲಿನಲ್ಲಿ ಮಾವನವರು ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಟಾರ್ಚು ಹಿಡಿದು ಸೋಫಾದ ಅಡಿ ಹುಡುಕುತ್ತಿದ್ದರು. ಇವತ್ತಿಗೆ ಆರನೇ ದಿನ. ಕಳೆದಿದ್ದು ಚದುರಂಗದ ಒಂದು ಕರಿ ಆನೆ.

ಆನೆ ಎಲ್ಲಿದೆಯೆಂದು ಅಳಿಯನಿಗೆ ಗೊತ್ತಿತ್ತು. ಒಳಕೋಣೆಯ ಮೇಜಿನ ಮೇಲಿದ್ದ ಅವನ ಕಂಪ್ಯೂಟರಿನ ಪೆಟ್ಟಿಗೆಯೊಳಗೆ.

ಊರಿನ ಅರ್ಧ ಲಿಫ್ಟುಗಳನ್ನು ರಿಪೇರಿ ಮಾಡುವ ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಹುಚ್ಚು. ಒಂದು ಸಲ ಅದರ ಮೆಮೊರಿ ಬದಲಾಗುತ್ತಿತ್ತು, ಇನ್ನೊಂದು ಸಲ ಫ್ಯಾನು, ಮತ್ತೊಂದು ಸಲ ಆ ಫ್ಯಾನು ಕೂರಿಸಲು ಇಡೀ ಪೆಟ್ಟಿಗೆಯೇ. ಬದಲಾಗದೆ ಉಳಿದದ್ದು ಎರಡೇ: ಮೌಸಿನ ಕೆಳಗಿನ ಸವೆದ ಪ್ಯಾಡು, ಮತ್ತು ‘ಇದೇ ಕೊನೇದು’ ಎಂದು ಹೆಂಡತಿಗೆ ಹೇಳುವ ಮಾತು. ಈ ಸಲದ ಕೊನೆಯದು ಹನ್ನೊಂದು ತಿಂಗಳ ಓವರ್‌ಟೈಮ್ ನುಂಗಿದ ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಅದು. ಹೆಸರಿಗೆ ಕಾರ್ಡು, ತೂಕಕ್ಕೆ ಇಟ್ಟಿಗೆ. ಒಂದು ಕೊನೆಯನ್ನು ಸಿಕ್ಕಿಸಿದರೆ ಇನ್ನೊಂದು ಕೊನೆ ಕೂದಲೆಳೆಯಷ್ಟು ಕೆಳಗೆ ಬಾಗಿತು. ಬೇರೆ ಯಾರ ಕಣ್ಣಿಗೂ ಕಾಣದ ಬಾಗು. ಅವನಿಗೆ ಮಾತ್ರ ಊಟ ಸೇರದಾಯಿತು. ಆಸರೆಗೇನಾದರೂ ಸಿಕ್ಕೀತೇ ಎಂದು ಮನೆಯೆಲ್ಲ ಜಾಲಾಡಿದಾಗ ಕಣ್ಣಿಗೆ ಬಿದ್ದದ್ದು ಮಾವನವರ ಚದುರಂಗದ ಡಬ್ಬಿ. ಕಾಲಾಳು ಗಿಡ್ಡವಾಯಿತು, ಕುದುರೆ ಉದ್ದವಾಯಿತು. ಆನೆ ಮಾತ್ರ ದೇವರೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಂಗಡಿಗೆ ಹೇಳಿದ್ದ ಆಸರೆ ಕಡ್ಡಿ ಬಂದ ಕೂಡಲೇ ವಾಪಸು ಇಡುವುದು ಎಂದುಕೊಂಡ. ಕಡ್ಡಿ ಬರಲಿಲ್ಲ. ನಾಳೆ, ನಾಳೆ ಎನ್ನುತ್ತ ದಿನ ಸರಿದವು.

ಮಲಗುವ ಕೋಣೆಯಲ್ಲಿ ಡ್ರಾಯರುಗಳ ಸದ್ದಾಯಿತು. “ರೀ, ನನ್ನ ಕೆಂಪು ನೇಲ್ ಪಾಲಿಶ್ ನೋಡಿದ್ರಾ? ಬಚ್ಚಲುಮನೆ ಕನ್ನಡಿ ಹತ್ರಾನೇ ಇಟ್ಟಿದ್ದೆ. ನಾಲ್ಕೈದು ದಿನದಿಂದ ಹುಡುಕ್ತಿದೀನಿ. ನನ್ನ ತಲೆ ಕೆಟ್ಟುಹೋಗಿದೆ.”

“ಇಲ್ಲ ಮಾರಾಯ್ತಿ,” ಎಂದ. ಆ ಒಂದು ವಿಷಯದಲ್ಲಿ ಅವನ ಮನಸ್ಸು ನಿರ್ಮಲವಾಗಿತ್ತು. ಸೋಫಾದ ಅಡಿ ತಲೆಯಿಟ್ಟಿದ್ದ ಮಾವನವರಿಗೆ ಅದು ಕೇಳಿಸಿದಂತಿರಲಿಲ್ಲ.

ಅವರು ಸೋಫಾ ಹಿಡಿದು ಮೆಲ್ಲಗೆ ಎದ್ದರು. ಚದುರಂಗದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, “ಅಳಿಯಂದ್ರೇ, ಸ್ವಲ್ಪ ಹತ್ರ ಬನ್ನಿ,” ಎಂದರು ತಗ್ಗಿದ ದನಿಯಲ್ಲಿ. “ಇದನ್ನ ಇವತ್ತು ಎದುರುಮನೆ ಮೇಷ್ಟ್ರಿಗೆ ಕೊಟ್ಟುಬಿಡ್ತೀನಿ.”

“ಯಾಕೆ ಮಾವ? ದಿನಾ ಅವರ ಜೊತೆ ಆಡ್ತೀರಲ್ಲ.”

“ನಲವತ್ತು ವರ್ಷ ಔಷಧಿ ಅಂಗಡೀಲಿ ಮಾತ್ರೆ ಎಣಿಸಿ ಕೊಟ್ಟ ಕೈ ಇದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಈಗ ಮೂವತ್ತೆರಡು ಕಾಯಿ ಜೋಪಾನ ಮಾಡೋಕಾಗ್ತಿಲ್ಲ. ಸೋಮವಾರ ಆನೆ ಎಣಿಸಿ ಒಳಗಿಟ್ಟ ನೆನಪು ಚೆನ್ನಾಗಿದೆ. ನೋಡಿದ್ರೆ ಇಲ್ಲ. ಮರೆವು ಶುರುವಾಯ್ತೋ ಏನೋ.” ಮಾವನವರು ಜೇಬಿನಿಂದ ಮನೆಯ ಬೀಗದ ಕೈ ತೆಗೆದು ಅಳಿಯನ ಅಂಗೈಯಲ್ಲಿಟ್ಟರು. “ಇದನ್ನೂ ಇನ್ಮೇಲೆ ನೀವೇ ಇಟ್ಕೊಳ್ಳಿ. ಅವಳಿಗೆ ಹೇಳ್ಬೇಡಿ, ಹೆದರ್ಕೋತಾಳೆ.”

ಏಳನೇ ಮಹಡಿಯಲ್ಲಿ ಲಿಫ್ಟಿನ ಹಗ್ಗ ಜಾರಿದಾಗಲೂ ಅಲುಗದ ಅಳಿಯ ಈಗ ಅಲುಗಿಹೋದ. “ಮಾವ, ಒಳಗೆ ಬನ್ನಿ,” ಎಂದ. ಕಂಪ್ಯೂಟರು ಆರಿಸಿ, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ವೈರುಗಳ ನಡುವೆ, ಇಟ್ಟಿಗೆಯಂಥ ಕಾರ್ಡನ್ನು ನೆತ್ತಿಯ ಮೇಲೆ ಹೊತ್ತು, ಕರಿ ಆನೆ ತುಟಿಪಿಟಕ್ಕೆನ್ನದೆ ನಿಂತಿತ್ತು. ಅಳಿಯ ಎಡಗೈಯನ್ನು ಕಾರ್ಡಿನ ಅಡಿಗೆ ಕೊಟ್ಟು, ಬಲಗೈಯಿಂದ ಆನೆಯನ್ನು ಬಿಡಿಸಿ, ಬೀಗದ ಕೈಯ ಜೊತೆ ಮುಂದೆ ಹಿಡಿದ.

ಮಾವನವರು ಎರಡನ್ನೂ ತೆಗೆದುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲುಗಿತು. ದೇವರಿಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿದಂತಿತ್ತು.

“ಅಂದ್ರೆ ನನ್ನ ತಲೆ ಸರಿಯಾಗೇ ಇದೆ.”

“ಸರಿಯಾಗೇ ಇದೆ ಮಾವ.”

“ಹತ್ತು ಜನರನ್ನ ಎತ್ತಿ ಇಳಿಸೋ ಲಿಫ್ಟಿನವರು ನೀವು. ಈ ತುಂಡು ಎತ್ತಿ ಹಿಡಿಯೋಕೆ ನನ್ನ ಆನೆ ಬೇಕಾಯ್ತಾ?”

“ನಾಳೆ ಇಟ್ಟುಬಿಡೋಣ ಅಂತಿದ್ದೆ...”

“ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ. ಮನೆಯೊಳಗೆ ಹೀಗೆ ಸದ್ದಿಲ್ಲದೆ ತಗೊಂಡ್ರೆ, ಕಳ್ಕೊಂಡೋರು ಕಳ್ಳನ್ನ ಹುಡುಕಲ್ಲ ಅಳಿಯಂದ್ರೇ. ತಮ್ಮ ತಲೆಯನ್ನೇ ಅನುಮಾನಿಸ್ತಾರೆ.”

ಅಳಿಯ ತಲೆ ತಗ್ಗಿಸಿದ. ಕೈ ಮಾತ್ರ ಕಾರ್ಡಿನ ಅಡಿಯಿಂದ ಕದಲಲಿಲ್ಲ.

ಮಾವನವರು ಆನೆಯನ್ನು ಅದರ ಜಾಗದಲ್ಲಿಡಲು ಡಬ್ಬಿ ತೆರೆದರು. ಅಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. “ಮಂಚದ ಕೆಳಗೂ ಇಲ್ಲ. ಅಪ್ಪಾ, ನಂಗೆ ನಿಜವಾಗ್ಲೂ ಮರೆವು ಬಂದಿದೆ, ನೋಡು.”

ಡಬ್ಬಿಯಲ್ಲಿ ಕರಿ ಕುದುರೆಯ ಪಕ್ಕ, ಆನೆಯ ಗೂಡಿನಲ್ಲಿ, ಕೆಂಪನೆಯ ಪುಟ್ಟ ಸೀಸೆಯೊಂದು ಮಲಗಿತ್ತು. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ, ದಿನವೂ ಮೇಷ್ಟ್ರ ಎದುರು ಆನೆಯಾಗಿ ದುಡಿದ ಸೀಸೆ.

ಮೂವರೂ ಅದನ್ನು ನೋಡಿದರು. ಮಾವನವರ ಕಿವಿ ಸೀಸೆಗಿಂತ ಕೆಂಪಾಯಿತು.

“ನಾಳೆ ಇಟ್ಟುಬಿಡೋಣ ಅಂತಿದ್ದೆ,” ಎಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

ಆನೆಯನ್ನು ಗೂಡಿಗೆ ಸೇರಿಸಿ, ಸೀಸೆಯನ್ನು ಪಂಚೆಯ ಅಂಚಿನಿಂದ ಒರೆಸಿ, ಮಗಳ ಅಂಗೈಯಲ್ಲಿಟ್ಟರು. ಅವಳು ಏನೋ ಹೇಳಲು ಬಾಯಿ ತೆರೆದವಳು, ಕಾರ್ಡಿಗೆ ಕೈ ಕೊಟ್ಟೇ ನಿಂತಿದ್ದ ಗಂಡ ಆ ಸೀಸೆಯ ಎತ್ತರವನ್ನು ಕಣ್ಣಲ್ಲೇ ಅಳೆಯುತ್ತಿದ್ದುದನ್ನು ಕಂಡು, ಮುಷ್ಟಿ ಬಿಗಿ ಮಾಡಿದಳು.