ಕುತ್ತಿಗೆಯ ಪಾಲು

ತಟ್ಟೆಯಲ್ಲಿ ಮಾಂಸದ ಒಂದೇ ಪಟ್ಟಿ ಇತ್ತು. ಎರಡಿರಬೇಕಿತ್ತು.

ಹಾರ್ಲನ್ ಪ್ರೂಯಿಟ್ ಚರ್ಚಿನ ನೆಲಮಾಳಿಗೆಯ ನಡುವೆ ಕೈಕಟ್ಟಿ ನಿಂತ. "ಮೂಸ್‌ಗೆ ಸೊಂಟದೊಳಗೆ ಎರಡು ಮೆತ್ತನೆ ಪಟ್ಟಿ ಇರುತ್ತೆ. ಎಡಕ್ಕೊಂದು, ಬಲಕ್ಕೊಂದು. ಈ ಚಳಿಗಾಲ ಅಲಾಸ್ಕಾದ ಮೂಸ್‌ಗಳಿಗೆಲ್ಲ ಒಂದೇ ಆಗಿಬಿಟ್ಟಿದೆಯಾ?"

ಬಿಳಿ ಕಾಗದದಲ್ಲಿ ಮಾಂಸ ಸುತ್ತುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಖೈಮಾ ಯಂತ್ರ ತಿರುಗಿಸುತ್ತಿದ್ದ ಮಾವಿಸ್ ಮಾತ್ರ, "ಲಾರಿ ಬಡಿದಿದ್ದು ಆ ಕಡೆಗೇ ಇರಬೇಕು" ಎಂದಳು.

ಹೆದ್ದಾರಿಯಲ್ಲಿ ಮೂಸ್ ಸತ್ತರೆ ಪೊಲೀಸರು ಈ ಚರ್ಚಿನ ತಂಡಕ್ಕೆ ಫೋನ್ ಮಾಡುತ್ತಿದ್ದರು. ಜಿಂಕೆ ಜಾತಿಯದಾದರೂ ಕುದುರೆಗಿಂತ ಎತ್ತರದ ಪ್ರಾಣಿ. ಒಂದು ಬಿದ್ದರೆ ಎಷ್ಟೋ ಮನೆಗಳ ಚಳಿಗಾಲ ಕಳೆಯುತ್ತದೆ. ತಿನ್ನುವಂಥ ಒಂದು ತುಂಡೂ ರಸ್ತೆಯಲ್ಲಿ ಉಳಿಯುವಂತಿಲ್ಲ. ಇದು ಹಾರ್ಲನ್ ಹುಟ್ಟುವ ಮೊದಲಿನಿಂದಲೂ ನಡೆದುಬಂದದ್ದು. ತೈಲ ಕಂಪನಿಯ ದೊಡ್ಡ ಹುದ್ದೆಯಿಂದ ನಿವೃತ್ತನಾಗಿ ತಂಡದ ಮುಖ್ಯಸ್ಥನಾದ ಹಾರ್ಲನ್, ಹಳೆಯ ಪದ್ಧತಿಗಳನ್ನೆಲ್ಲ ಟೈಪ್ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಗೋಡೆಗೆ ಅಂಟಿಸಿ ತನ್ನವನ್ನಾಗಿ ಮಾಡಿಕೊಂಡಿದ್ದ. ಮೊದಲನೆಯದೇ ಇದು: ಮೆತ್ತನೆ ಪಟ್ಟಿ ಹಲ್ಲಿಲ್ಲದವರಿಗೆ. ಅಂದರೆ ನದಿಯಾಚೆಯ ವೃದ್ಧಾಶ್ರಮಕ್ಕೆ.

ಕೊನೆಯದು ಮಾತ್ರ ಅವನದೇ: ಕುತ್ತಿಗೆ ಮುಖ್ಯಸ್ಥನ ಪಾಲು. ನಾರು, ನರ, ಹಠಮಾರಿ ಮಾಂಸ, ಯಾರಿಗೂ ಬೇಡದ್ದು. ಆ ತ್ಯಾಗವನ್ನು ಮರೆಯಲು ಅವನು ಯಾರಿಗೂ ಬಿಡುತ್ತಿರಲಿಲ್ಲ. "ನೀವೆಲ್ಲ ಕುತ್ತಿಗೆಯನ್ನ ಗಂಟೆಗಟ್ಟಲೆ ಯಾಕೆ ಕುದಿಸ್ತೀರೋ. ಬಾಣಲೆಯಲ್ಲಿ ಎರಡು ಸಲ ಮಗುಚಿದರೆ ಸಾಕು, ಬೆಣ್ಣೆ" ಎಂದು, ಹುಟ್ಟಿದಾಗಿನಿಂದ ಮೂಸ್ ತಿಂದವರಿಗೆ ಪಾಠ ಹೇಳುತ್ತಿದ್ದ. ಚರ್ಚಿನ ಊಟದಲ್ಲಿ ಮಾತ್ರ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ, ಗೋಡೆಯ ಕಡೆ ತಿರುಗಿ ತಿಂದು ಮುಗಿಸುತ್ತಿದ್ದ. ಎಂಥ ಮಿತಾಹಾರಿ ಎಂದು ಪಾದ್ರಿ ಹೊಗಳಿದ್ದರು.

ಅನುಮಾನ ಓರ್ಫಾಳ ಮೇಲೆ ಬಿತ್ತು. ಒಳಪಟ್ಟಿಗಳನ್ನು ಬಿಡಿಸುವವಳು ಅವಳು. ಪೊಟ್ಟಣ ಕಟ್ಟಿ ಹೆಸರು ಬರೆಯುವವಳೂ ಅವಳೇ. ಬೆರಳು ಬಾಗದ ಮುದುಕಿಯರಿಗೆ ಬಿಚ್ಚಲು ಸುಲಭವಾಗಲೆಂದು ಅಂಟುಪಟ್ಟಿಯ ತುದಿಯನ್ನು ಮಡಚಿಡುವವಳು. ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಣ್ಣ ಲಾಯ್ಡ್. ಇಬ್ಬರ ಚಳಿಗಾಲವೂ ತಂಡದವಳಾಗಿ ಅವಳಿಗೆ ಸಿಗುತ್ತಿದ್ದ ಪಾಲಿನ ಮೇಲೆ ನಿಂತಿತ್ತು. ಕೆಲಸ ಹೋದರೆ ಪಾಲೂ ಹೋದಂತೆ. ಧರ್ಮದ ಅನ್ನ ನನಗೆ ಬೇಡ ಎನ್ನುವ ಜಾತಿಯ ಮನುಷ್ಯ ಲಾಯ್ಡ್. ಅಂಥವನಿಗೆ ಕದ್ದೇ ತಿನ್ನಿಸುತ್ತಿರಬೇಕು ಎಂದು ಹಾರ್ಲನ್ ಲೆಕ್ಕ ಹಾಕಿದ.

ಮುಂದಿನ ಮೂಸ್ ಸೇತುವೆಯ ಹತ್ತಿರ ಬಿದ್ದಾಗ ಅವನೂ ಹೋದ. ಓರ್ಫಾ ಹಿಮದಲ್ಲಿ ಮೊಣಕಾಲೂರಿ ಹೊಟ್ಟೆ ಸೀಳಿದಳು. ಬಿಸಿ ಹಬೆ ಎದ್ದಿತು. ಕರುಳು ಒಡೆದಿರಲಿಲ್ಲ, ಪುಣ್ಯ. ಲಾರಿ ಬಡಿದ ತೊಡೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದಷ್ಟನ್ನು ಕೊಯ್ದು ಬದಿಗೆಸೆದಳು. ಚಳಿಗೆ ಬೆರಳು ಮರಗಟ್ಟಿದಾಗ ಕೈಗಳನ್ನು ಪಕ್ಕೆಲುಬಿನೊಳಗೆ ಇಟ್ಟು ಕಾಯಿಸಿಕೊಂಡಳು. ಪಕ್ಕಕ್ಕೆ ಸರಿದು, "ನೀವೂ ಕೈ ಇಡಿ" ಎಂದು ಹಾರ್ಲನ್‌ನನ್ನು ಕರೆದಳು. ಅವನು ಇಡಲಿಲ್ಲ. ಎರಡೂ ಪಟ್ಟಿ ಹೊರಬಂದದ್ದನ್ನು ಕಣ್ಣಾರೆ ಕಂಡ. ಟ್ರಕ್ಕಿನಲ್ಲಿ ಮಾಂಸದ ಪಕ್ಕವೇ ಕೂತು ಬಂದ. ನೆಲಮಾಳಿಗೆಯಲ್ಲಿ ಕಾಫಿ ಬಗ್ಗಿಸಿಕೊಳ್ಳಲು ಬೆನ್ನು ತಿರುಗಿಸಿದ, ಅಷ್ಟೆ.

ತಟ್ಟೆಯಲ್ಲಿ ಒಂದೇ ಪಟ್ಟಿ.

ಅವಳ ಚೀಲ ಸುರಿಸಿದ. ಕೈಗವಸು, ಚಹಾದ ಫ್ಲಾಸ್ಕು, ಲಾಯ್ಡ್‌ನ ಮಾತ್ರೆ.

"ಎಲ್ಲಿ ಹೋಯಿತು ಓರ್ಫಾ?"

"ನಿಯಮದ ಪ್ರಕಾರವೇ ಹೋಗಿದೆ."

"ಯಾರ ತಟ್ಟೆಗೆ?"

"ಹೇಳಿದರೆ ಆ ಮನುಷ್ಯ ಮತ್ತೆ ಮುಟ್ಟಲ್ಲ, ಹಾರ್ಲನ್. ಅಷ್ಟು ಸ್ವಾಭಿಮಾನ."

"ಅಂಥ ಸೊಕ್ಕಿನ ಮುದುಕನಿಗೆ ನಾವ್ಯಾಕೆ ತಿನ್ನಿಸಬೇಕು?"

ಓರ್ಫಾ ಮಾತ್ರೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಅವನನ್ನೇ ನೋಡಿದಳು. "ಸೊಕ್ಕು ಹೊಟ್ಟೆ ತುಂಬಿಸಲ್ಲವಲ್ಲ" ಎಂದಳು.

ಅಲ್ಲಿಗೆ ಮುಗಿಯಿತು. ಹಾರ್ಲನ್ ಅವಳನ್ನು ತಂಡದಿಂದ ತೆಗೆದ, ಪಾಲನ್ನೂ ನಿಲ್ಲಿಸಿದ. ಅವಳ ಜಾಗಕ್ಕೆ ಟ್ರಕ್ ರಿಪೇರಿಯ ಡ್ವೈಟ್‌ನನ್ನು ಹಾಕಿದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಅದಕ್ಕಿಂತ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಚಾಕು ಒಪ್ಪಿಸುವಾಗ ಓರ್ಫಾ ಡ್ವೈಟ್‌ಗೆ ಏನೋ ಹೇಳಲು ಬಾಯಿ ತೆರೆದಳು. ಹಾರ್ಲನ್ ಪಕ್ಕದಲ್ಲೇ ನಿಂತಿದ್ದ. ಬಾಯಿ ಮುಚ್ಚಿಕೊಂಡಳು. ಮಾವಿಸ್ ಯಾರಿಗೂ ಹೇಳದೆ ತನ್ನ ಪಾಲಿನ ಅರ್ಧವನ್ನು ಓರ್ಫಾಳ ಬಾಗಿಲಲ್ಲಿಟ್ಟು ಬಂದಳು.

ಡ್ವೈಟ್ ಬಿಡಿಸಿದ ಮೊದಲ ಮೂಸ್‌ನಲ್ಲಿ ಎರಡೂ ಪಟ್ಟಿ ತಟ್ಟೆಗೆ ಬಂದವು, ಎರಡೂ ನದಿ ದಾಟಿದವು. "ನೋಡಿ, ಶಿಸ್ತು ಅಂದರೆ ಇದು" ಎಂದ ಹಾರ್ಲನ್. ಡ್ವೈಟ್ ಕುತ್ತಿಗೆಯನ್ನು ಕೊಯ್ದು, ಕಾಗದದಲ್ಲಿ ಸುತ್ತಿ, ಮೇಲೆ ಕುತ್ತಿಗೆ ಎಂದು ಬರೆದು, ಯಜಮಾನರ ಕೈಗೆ ಕೊಟ್ಟ.

ಭಾನುವಾರ ಹಾರ್ಲನ್ ಪಾದ್ರಿ ದಂಪತಿಯನ್ನು ಊಟಕ್ಕೆ ಕರೆದ. ಯಾರಿಗೂ ಬೇಡದ ಪಾಲನ್ನು ಹೇಗೆ ತಿನ್ನಬೇಕೆಂದು ತೋರಿಸಿಕೊಡಬೇಕಿತ್ತು. ಬಾಣಲೆಯಲ್ಲಿ ಎರಡು ಸಲ ಮಗುಚಿದ. ಪ್ರಾರ್ಥನೆಯಲ್ಲಿ ಕಳ್ಳರ ಮನಃಪರಿವರ್ತನೆಗೂ ಒಂದು ಮಾತು ಸೇರಿಸಿದ. ಅತಿಥಿಗಳು ನೋಡುತ್ತಿರುವಂತೆಯೇ ದೊಡ್ಡ ತುಂಡೊಂದನ್ನು ಕಚ್ಚಿ ಎಳೆದ.

ಹಾರ್ಲನ್‌ನ ಮೇಲ್ಸಾಲಿನ ಹಲ್ಲುಗಳೆಲ್ಲ, ಒಂದೂ ಬಿಡದೆ, ಒಟ್ಟಿಗೇ ಮಾಂಸದ ಜೊತೆ ಹೊರಬಂದವು.