ಹೋಗದೆ ಉಳಿದ ಪತ್ರಗಳು

"ಜಾಗ ಇಲ್ಲ ಅಂತಿದೆಯಲ್ಲಮ್ಮ! ಅರ್ಧಕ್ಕರ್ಧ ಖಾಲಿ ಅಂತಾನೂ ಇದೇ ತೋರಿಸ್ತಿದೆ!" ಲ್ಯಾಬಿನ ಡಾಕ್ಟರು ನಾದಿನಿಯ ಬೆನ್ನ ಹಿಂದೆ ನಿಂತು ಪರದೆಯನ್ನು ಬೆರಳಿನಿಂದ ಕುಟ್ಟಿದರು. ಬೆಳಗ್ಗೆಯಿಂದ ಒಂದೇ ಒಂದು ರಿಪೋರ್ಟೂ ಸರ್ವರಿನಲ್ಲಿ ಸೇವ್ ಆಗಿರಲಿಲ್ಲ. ಹೊರಗೆ ಬೆಂಚುಗಳು ತುಂಬಿ ಜನ ಗೋಡೆಗೊರಗಿ ನಿಂತಿದ್ದರು.

"ಜಾಗ ಇದೆ ಭಾವ, ಲೆಕ್ಕ ಮುಗಿದಿದೆ." ಲ್ಯಾಬಿನ ಸರ್ವರನ್ನು ನೋಡಿಕೊಳ್ಳುತ್ತಿದ್ದ ನಾದಿನಿ ಕಣ್ಣೆತ್ತಲಿಲ್ಲ. "ಬಾಡಿಗೆ ಸರ್ವರಲ್ವಾ, ಇಷ್ಟೇ ಫೈಲು ಅಂತ ಮಿತಿ ಇರುತ್ತೆ. ಬೆಟ್ಟದಷ್ಟಿದ್ರೂ ಒಂದೇ, ಸಾಸಿವೆಯಷ್ಟಿದ್ರೂ ಒಂದೇ. ಎಲ್ಲೋ ಚಿಲ್ಲರೆ ಫೈಲು ಲಕ್ಷಗಟ್ಟಲೆ ಸೇರ್ಕೊಂಡಿವೆ."

"ಹಾಗಾದ್ರೆ ಗುಡಿಸಿ ಹಾಕು ತಾಯಿ! ಫೋನಿನ ಮೇಲೆ ಫೋನು ಬರ್ತಿದೆ."

ಹುಡುಕಿದಳು. ಕೊನೆಗೆ ಸಿಕ್ಕಿದ್ದು ಹೊರಹೋಗಬೇಕಾದ ಇ-ಮೇಲ್‌ಗಳು ಸರದಿ ಕಾಯುವ ಫೋಲ್ಡರು. ಬಹುಪಾಲು ಸರ್ವರು ತನಗೆ ತಾನೇ ನಿಮಿಷಕ್ಕೊಂದರಂತೆ ಬರೆದುಕೊಂಡ ದೂರುಗಳು. ಎಲ್ಲವನ್ನೂ ಅಳಿಸುವ ಸಾಲು ಟೈಪಿಸಿದಳು. ಯಾಕೋ ಮನಸ್ಸು ತಡೆಯದೆ, ಎಂಟರ್ ಒತ್ತುವ ಮುಂಚೆ ಒಂದನ್ನು ತೆರೆದಳು. 'ನಿಮ್ಮ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡುಬಂದಿದೆ. ತಡಮಾಡದೆ ಬಂದು ಕಾಣಿರಿ.' ಎಂಟು ತಿಂಗಳ ಹಿಂದೆ ಈ ಹೊಸ ಸರ್ವರಿಗೆ ಎಲ್ಲವನ್ನೂ ಸಾಗಿಸಿದವಳು ಅವಳೇ. ಇ-ಮೇಲ್ ಹೊರಹೋಗುವ ವ್ಯವಸ್ಥೆ ಜೋಡಿಸಲು ಮರೆತಿದ್ದಳು; ಅಂದಿನಿಂದ ಒಂದೂ ಹೊಸ್ತಿಲು ದಾಟಿರಲಿಲ್ಲ.

"ಇನ್ನೂ ಯಾಕೆ ತಡ?"

"ಭಾವ... ಇದನ್ನ ಓದಿ."

ಡಾಕ್ಟರು ಬಗ್ಗಿ ಓದಿ, ತಾರೀಖನ್ನು ಮತ್ತೊಮ್ಮೆ ನೋಡಿದರು. ಅವಳು ರೋಗಿಗಳಿಗೆ ಬರೆದಿದ್ದವುಗಳನ್ನು ಹೆಕ್ಕಿ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ನಲವತ್ತೊಂದು. ಎರಡು ಸಲ ಎಣಿಸಿ, ಆಮೇಲೆ ಉಳಿದದ್ದನ್ನು ಅಳಿಸಿದಳು. ಹೊರಗೆ ಪ್ರಿಂಟರು ಬಡಬಡನೆ ರಿಪೋರ್ಟು ಉಗುಳತೊಡಗಿತು, ಯಾರೋ "ಅಬ್ಬಾ, ಬಂತು!" ಎಂದರು.

"ನನ್ನ ತಪ್ಪು, ಭಾವ. ನಾನೇ ಮಾತಾಡ್ತೀನಿ."

"ಬೇಡ. ಸಹಿ ನನ್ನದು." ಡಾಕ್ಟರು ಬಾಗಿಲು ಮುಂದೆ ಮಾಡಿ, ಎಲ್ಲಕ್ಕಿಂತ ಹಳೆಯ ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಿದರು. ನಾಲ್ಕನೆಯ ರಿಂಗಿಗೆ ಒಬ್ಬ ಹೆಂಗಸು ಎತ್ತಿಕೊಂಡರು. ನಾದಿನಿಗೆ ಅರೆಕ್ಷಣ ಜೀವ ಬಂದಂತಾಯಿತು.

"ಎಂಟು ತಿಂಗಳ ಹಿಂದೆ ನಿಮಗೊಂದು ಇ-ಮೇಲ್ ಕಳಿಸಿದ್ವಿ, ಅಮ್ಮ. ಅದು..."

"ಇಲ್ವಲ್ಲ ಡಾಕ್ಟ್ರೇ," ಆಕೆ ನಕ್ಕರು. "ಏನಾದ್ರೂ ತೊಂದರೆ ಇದ್ರೆ ಮಾತ್ರ ಬರೀತೀವಿ ಅಂದಿದ್ರಿ. ಏನೂ ಬರ್ಲಿಲ್ಲ. ಅವತ್ತಿಂದ ನಿಶ್ಚಿಂತೆಯಾಗಿದೀನಿ."